ನಲವತ್ತನ್ನು ಇಪ್ಪತ್ತು ಮಾಡಿದ ಬೆಳಿಗ್ಗೆ

2019ರಲ್ಲಿ ಗಣೇಶ ಚತುರ್ಥಿ ಸೆಪ್ಟೆಂಬರ್ 2ಕ್ಕೆ, ಸೋಮವಾರ ಬಿದ್ದಿತ್ತು. ಬೆಂಗಳೂರಲ್ಲಿ ಕೆಲಸಕ್ಕಿರುವ ಮಲೆನಾಡು, ಕರಾವಳಿ, ಉತ್ತರ ಕರ್ನಾಟಕದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಆಗಸ್ಟ್ 30ರ ಶುಕ್ರವಾರ ರಾತ್ರಿಯ ಬಸ್ಸು ಸಿಗಬೇಕು, ಅಷ್ಟೇ. ನಾನು ಆಗ ಕೆಲಸಕ್ಕಿದ್ದ ಟಿಕೆಟ್ ಕಂಪನಿಯಲ್ಲಿ ಮುಂಗಡ ಬುಕಿಂಗ್ 30 ದಿನ ಮೊದಲು ಶುರುವಾಗುತ್ತಿತ್ತು. ಅಂದರೆ ಜುಲೈ 31, ಬುಧವಾರ, ಬೆಳಿಗ್ಗೆ ಹತ್ತಕ್ಕೆ.

ಸರ್ವರ್‌ಗಳ ಹೊಣೆ ನನ್ನದು. ಮಾಮೂಲಿ ದಿನ ಆರು ಸರ್ವರ್ ಸಾಕು. ಜನ ಹೆಚ್ಚಾದರೆ ಆಟೋ ಸ್ಕೇಲಿಂಗ್ ತಾನೇ ಹೊಸ ಸರ್ವರ್ ಎಬ್ಬಿಸುತ್ತದೆ, ಜನ ಕಡಿಮೆಯಾದರೆ ತಾನೇ ಇಳಿಸುತ್ತದೆ. ಒಂದು ಸರ್ವರ್‌ಗೆ ನಿಮಿಷಕ್ಕೆ ಇಷ್ಟು ಕೋರಿಕೆ ಎಂಬ ಲೆಕ್ಕವನ್ನು ನಾವೇ ಕೊಟ್ಟಿದ್ದೆವು. ಅಮೆಜಾನ್ 2006ರಲ್ಲಿ ಗಂಟೆ ಲೆಕ್ಕದಲ್ಲಿ ಕಂಪ್ಯೂಟರ್ ಬಾಡಿಗೆಗೆ ಕೊಡಲು ಶುರುಮಾಡಿದಾಗ ಆ ಸೇವೆಯ ಹೆಸರಲ್ಲೇ ‘ಎಲಾಸ್ಟಿಕ್’ ಅಂತ ಇಟ್ಟಿತ್ತು. ಬೇಕಾದಾಗ ಹಿಗ್ಗಬೇಕು, ಬೇಡವಾದಾಗ ಕುಗ್ಗಬೇಕು. ನನಗೆ ಈ ಕೆಲಸದ ಮೇಲೆ ಪ್ರೀತಿ ಹುಟ್ಟಿದ್ದೇ ಆ ಮಾತಿನಿಂದ.

ಹದಿನೈದು ದಿನ ಮೊದಲು ಇಪ್ಪತ್ತು ಸರ್ವರ್ ತನಕ ಲೋಡ್ ಟೆಸ್ಟ್, ಅಂದರೆ ಸುಳ್ಳು ರಶ್ಶು ಹಾಕಿ ತಾಳುತ್ತದೆಯೇ ಎಂದು ನೋಡುವ ಪರೀಕ್ಷೆ, ಮಾಡಿದ್ದೆವು. ಎಲ್ಲ ಸರಿಯಿತ್ತು. ಆದರೆ ಹಿಂದಿನ ಸಂಜೆ ಮನೆಗೆ ಹೊರಡುವ ಮುಂಚೆ ನಾನು ಸರ್ವರ್‌ಗಳ ಗರಿಷ್ಠ ಮಿತಿಯನ್ನು 20ರಿಂದ 40ಕ್ಕೆ ಏರಿಸಿದೆ. ಹಬ್ಬದ ರಶ್ಶು, ಒಂದಿಷ್ಟು ಹೆಚ್ಚಿಗೆ ಇರಲಿ ಅನ್ನಿಸಿತು. ಯಾರನ್ನೂ ಕೇಳಲಿಲ್ಲ.

ಹತ್ತು ಗಂಟೆಗೆ ಬುಕಿಂಗ್ ಬಿಟ್ಟೆವು. ಮೊದಲ ಐದಾರು ನಿಮಿಷ ಸಂತೋಷವಾಗಿತ್ತು. ಸರ್ವರ್ ಸಂಖ್ಯೆ 10, 14, 19 ಅಂತ ಏರುತ್ತಿತ್ತು. 25 ದಾಟಿತು ನೋಡಿ, ಗ್ರಾಫಿನಲ್ಲಿ ಕೆಂಪು ಗೆರೆ ಗೋಡೆ ಹತ್ತಿದ ಹಾಗೆ ನೇರ ಮೇಲೆದ್ದಿತು. ಎಲ್ಲ ಪುಟಗಳೂ ಎರರ್. ಅಷ್ಟೊತ್ತಿಗೆ ಸಾಗರಕ್ಕೆ ಹೋಗಬೇಕಿದ್ದ ಅಕ್ಕನ ಫೋನು: “ದುಡ್ಡು ಕಟ್ ಆಗಿದೆ ಕಣೋ, ಟಿಕೆಟ್ ಬಂದಿಲ್ಲ.”

ಆಗ ನನಗೆ ಹೊಳೆದದ್ದು ಒಂದೇ, ಸರ್ವರ್ ಸಾಲುತ್ತಿಲ್ಲ, ಮಿತಿಯನ್ನು 60ಕ್ಕೆ ಏರಿಸೋಣ ಅಂತ. ಕೈ ಕೀಬೋರ್ಡಿನ ಮೇಲಿತ್ತು. ಸೀಟು, ಟಿಕೆಟ್‌ಗಳ ಲೆಕ್ಕವೆಲ್ಲ ಇರುವ ಡೇಟಾಬೇಸ್ ನೋಡಿಕೊಳ್ಳುತ್ತಿದ್ದ ಸರ್ ಹಿಂದೆ ಬಂದು ನಿಂತರು. ಧಾರವಾಡದ ಕಡೆಯವರು. “ಏರಿಸಬ್ಯಾಡ್ರಿ. ಇಳಸ್ರಿ. ನೀವು ಹೆಚ್ಚಿಗಿ ಮಾಡಿದ್ದಕ್ಕ ಅದು ಬಿದ್ದೈತಿ” ಅಂದರು.

ಲೆಕ್ಕ ಮಗ್ಗಿಯಷ್ಟು ಸುಲಭದ್ದು. ನಮ್ಮ ಒಂದೊಂದು ಸರ್ವರ್ ಏಳುತ್ತಿದ್ದ ಹಾಗೇ ಡೇಟಾಬೇಸಿಗೆ 20 ಕನೆಕ್ಷನ್, ಅಂದರೆ ಅದರ ಜೊತೆ ಮಾತಾಡುವ 20 ದಾರಿ, ಹಿಡಿದುಕೊಳ್ಳುತ್ತಿತ್ತು. ಡೇಟಾಬೇಸಿನ ಮಿತಿ 500. ಇಪ್ಪತ್ತೈದು ಇಪ್ಪತ್ತಲೆ ಐನೂರು. ಇಪ್ಪತ್ತಾರನೆಯ ಸರ್ವರಿಗೆ ಜಾಗವೇ ಇಲ್ಲ. ಟೆಸ್ಟಿನಲ್ಲಿ 400ಕ್ಕೆ ನಿಂತಿದ್ದೆವಾದ್ದರಿಂದ ಅದು ಪಾಸಾಗಿತ್ತು. ನಾವು ಬಳಸುತ್ತಿದ್ದ ಡೇಟಾಬೇಸ್ ತಂತ್ರಾಂಶ ಪೋಸ್ಟ್‌ಗ್ರೆಸ್. ಅದರಲ್ಲಿ ಒಂದೊಂದು ಕನೆಕ್ಷನ್ನಿಗೂ ಒಂದೊಂದು ಪ್ರತ್ಯೇಕ ಪ್ರೋಸೆಸ್ (ಓಡುವ ಪ್ರೋಗ್ರಾಮ್) ಹುಟ್ಟುತ್ತದೆ, ಹಾಗಾಗಿ ಮಿತಿಯೊಳಗೆ ಬಂದವು ಕೂಡ ಏದುಸಿರು ಬಿಡುತ್ತಿದ್ದವು. ಆ ಮಿತಿಯನ್ನು ಏರಿಸೋಣವೆಂದರೆ ಡೇಟಾಬೇಸನ್ನೇ ರೀಸ್ಟಾರ್ಟ್ ಮಾಡಬೇಕು. ಹತ್ತೂ ಹದಿನೈದಕ್ಕೆ ಆ ಮಾತು ಎತ್ತುವ ಹಾಗಿರಲಿಲ್ಲ. ಒಂದೇ ಬಾವಿಗೆ ನಲವತ್ತು ಹಗ್ಗ ಇಳಿಬಿಟ್ಟು ಕೂತಿದ್ದೆ ನಾನು.

ಇನ್ನೂ ಕೆಟ್ಟದ್ದೊಂದಿತ್ತು. ಸರ್ವರ್ ಆರೋಗ್ಯವಾಗಿದೆಯೇ ಎಂದು ನೋಡುವ ಹೆಲ್ತ್ ಚೆಕ್ ಡೇಟಾಬೇಸಿಗೂ ಒಂದು ಪ್ರಶ್ನೆ ಕೇಳುತ್ತಿತ್ತು. ಅಲ್ಲಿ ಉತ್ತರ ಬರದಿದ್ದಾಗ ಚೆನ್ನಾಗಿದ್ದ ಸರ್ವರನ್ನೂ ಕೆಟ್ಟಿದೆ ಎಂದು ತೀರ್ಮಾನಿಸಿ ಕೊಂದು, ಅದರ ಜಾಗಕ್ಕೆ ಹೊಸತನ್ನು ಎಬ್ಬಿಸುತ್ತಿತ್ತು. ಹೊಸತು ಎದ್ದ ಕೂಡಲೇ ಮತ್ತೆ 20 ಕನೆಕ್ಷನ್ ಕೇಳುತ್ತಿತ್ತು. ಇತ್ತ ಎರರ್ ನೋಡಿದ ಜನ ರಿಫ್ರೆಶ್ ಒತ್ತುತ್ತಿದ್ದರು. ಕೋರಿಕೆ ಹೆಚ್ಚಾಯಿತೆಂದು ಆಟೋ ಸ್ಕೇಲಿಂಗ್ ಇನ್ನಷ್ಟು ಸರ್ವರ್ ಎಬ್ಬಿಸುತ್ತಿತ್ತು. ಯಾರೂ ತಪ್ಪು ಮಾಡುತ್ತಿರಲಿಲ್ಲ, ಎಲ್ಲರೂ ಹೇಳಿಕೊಟ್ಟದ್ದನ್ನೇ ಮಾಡುತ್ತಿದ್ದರು.

ಮೊದಲು ಕೆಟ್ಟ ಸರ್ವರ್ ಬದಲಿಸುವ ಕ್ರಮವನ್ನು ನಿಲ್ಲಿಸಿದೆ. ಆಮೇಲೆ 40 ಅಳಿಸಿ 20 ಅಂತ ಹಾಕಿದೆ. ಲಕ್ಷಾಂತರ ಜನ ಬಾಗಿಲಲ್ಲಿ ನಿಂತಿರುವಾಗ ಬಾಗಿಲನ್ನೇ ಅರ್ಧ ಮುಚ್ಚಿದ ಹಾಗೆ ಅನ್ನಿಸಿ ಬೆರಳು ನಡುಗಿತು. ಏಳು ನಿಮಿಷ ಕಳೆಯಿತು. ಕನೆಕ್ಷನ್ ಗೆರೆ 500ರಿಂದ 400ಕ್ಕೆ ಬಂದು ನಿಂತಿತು. ಪುಟಗಳು ನಿಧಾನವಾಗಿ, ಆದರೆ ತೆರೆಯತೊಡಗಿದವು.

ಮಧ್ಯಾಹ್ನದ ಹೊತ್ತಿಗೆ ಬಸ್ಸುಗಳೆಲ್ಲ ತುಂಬಿದ್ದವು. ಆ ರಾತ್ರಿ ಹನ್ನೊಂದರ ತನಕ ನಾನು ಕೂತದ್ದು ದುಡ್ಡು ಹೋಗಿ ಟಿಕೆಟ್ ಬಾರದವರ ಪಟ್ಟಿಯ ಮುಂದೆ. ಆ ಕೆಲಸಕ್ಕೆ ಬೇರೆಯವರಿದ್ದರು, ನಾನೇ ಕೇಳಿ ಕೂತೆ. ಬೆಂಗಳೂರಿನಿಂದ ಇಳಕಲ್ಲಿಗೆ ಐದು ಸೀಟು, ಅದರಲ್ಲೊಂದು ಹಿರಿಯ ನಾಗರಿಕರದ್ದು. ಅದೇ ಮೊಬೈಲಿನಿಂದ ನಾಲ್ಕು ಸಲ ಪ್ರಯತ್ನ, ನಾಲ್ಕು ಸಲವೂ ಹಣ ಕಟ್. ನಮ್ಮ ಡ್ಯಾಶ್‌ಬೋರ್ಡಿನಲ್ಲಿ ಅದು ನಾಲ್ಕು ಚುಕ್ಕೆ ಮಾತ್ರ. ರೀಫಂಡ್ ಹೋಯಿತು ನಿಜ, ಆ ಮನೆಯವರಿಗೆ ಬಸ್ಸು ಸಿಕ್ಕಿತೋ ಇಲ್ಲವೋ ಎಂದು ಇವತ್ತಿಗೂ ಯೋಚಿಸುತ್ತೇನೆ.

ದಸರಾ ಬುಕಿಂಗಿಗೆ ಐದು ವಾರ ಇತ್ತು. ಸರ್ವರ್‌ಗಳಿಗೂ ಡೇಟಾಬೇಸಿಗೂ ನಡುವೆ ಪಿಜಿಬೌನ್ಸರ್ ಎಂಬ ತಂತ್ರಾಂಶ ಕೂರಿಸಿದೆವು. ಸಾವಿರ ಕನೆಕ್ಷನ್ ಬಂದರೂ ಅದು ಒಳಗೆ ಬಿಡುವುದು ನಾವು ಹೇಳಿದಷ್ಟನ್ನೇ, ಉಳಿದವರು ಸರತಿಯಲ್ಲಿ ಕಾಯುತ್ತಾರೆ. ಅದನ್ನು ಹಾಕಿದ ಮೊದಲ ದಿನವೇ ಪ್ರಿಪೇರ್ಡ್ ಸ್ಟೇಟ್‌ಮೆಂಟ್‌ಗಳು (ಡೇಟಾಬೇಸಿಗೆ ಮೊದಲೇ ಸಿದ್ಧಮಾಡಿಟ್ಟ ಪ್ರಶ್ನೆಗಳು) ಮುರಿದುಬಿದ್ದವು, ಸರ್ವರ್ ಡೇಟಾಬೇಸಿನ ಜೊತೆ ಮಾತಾಡಲು ಬಳಸುವ ಡ್ರೈವರ್ ತಂತ್ರಾಂಶದಲ್ಲಿ ಅವನ್ನು ನಿಲ್ಲಿಸಲು ಎರಡು ದಿನ ಹಿಡಿಯಿತು. ಹೆಲ್ತ್ ಚೆಕ್ಕಿನಿಂದ ಡೇಟಾಬೇಸಿನ ಪ್ರಶ್ನೆ ತೆಗೆದೆವು. ಆ್ಯಪು ಮತ್ತೆ ಪ್ರಯತ್ನಿಸುವಾಗ ಎಲ್ಲರೂ ಒಟ್ಟಿಗೆ ನುಗ್ಗದಂತೆ ಒಬ್ಬೊಬ್ಬರಿಗೆ ಒಂದೊಂದು ಥರ ಹೆಚ್ಚುಕಮ್ಮಿಯಾಗುವ ಅಂತರ ಇಟ್ಟೆವು. ಹೊಸ ಸರ್ವರ್ ಎದ್ದು ಕೆಲಸಕ್ಕೆ ನಿಲ್ಲಲು ನಾಲ್ಕು ನಿಮಿಷ ಬೇಕಾಗುತ್ತಿದ್ದರಿಂದ, ಹತ್ತಕ್ಕೆ ತೆರೆಯುವ ಬುಕಿಂಗಿಗೆ ಒಂಬತ್ತೂವರೆಗೇ ಸಜ್ಜು. ಸಮಯ ಮೊದಲೇ ಗೊತ್ತಿರುವಾಗ ಗ್ರಾಫು ಏರಲಿ ಎಂದು ಕಾಯುವುದು ಸೋಮಾರಿತನ ಎಂದೇ ನಾನು ಹೇಳುತ್ತೇನೆ.

ಸೆಪ್ಟೆಂಬರ್ 4ರಂದು, ಗಣಪತಿ ಬಿಟ್ಟು ಬಂದವರೆಲ್ಲ ದಸರಾ ಟಿಕೆಟಿಗೆ ಕೂತ ಬೆಳಿಗ್ಗೆ, ಸರ್ವರ್ 31ಕ್ಕೆ ಹೋಯಿತು. ಪಕ್ಕದ ಪರದೆಯಲ್ಲಿ ಕನೆಕ್ಷನ್ ಗೆರೆ 200ರ ಕೆಳಗೆ ದಾರ ಎಳೆದು ಕಟ್ಟಿದ ಹಾಗೆ ಮಲಗಿತ್ತು. ಸರ್ ಏನೂ ಹೇಳಲಿಲ್ಲ, ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು ಟೀ ಕುಡಿದರು. ಹತ್ತೂ ಇಪ್ಪತ್ತಕ್ಕೆ ಮೊಬೈಲು ನೋಡಿದರೆ ಅಕ್ಕನ ಎರಡು ಮಿಸ್ಡ್ ಕಾಲ್. ಎದೆ ಧಸಕ್ಕೆಂದಿತು. ವಾಪಸ್ ಮಾಡಿದೆ.

“ಬರೋ ದಿನದ ಟಿಕೆಟ್ ಯಾವತ್ತು ಬಿಡ್ತೀರೋ?” ಅಂದಳು.