ಒಣದ್ದೋ, ಹಸಿಯೋ?
ಬೆಕ್ಕಿಗೆ ಒಣ ಫುಡ್ ಕೊಡೋದಾ, ಗ್ರೇವಿ ಇರುವ ಹಸಿ ಫುಡ್ಡಾ? ಒಣದ್ದರಲ್ಲಿ ನೀರಿನಂಶ ಶೇ. 10ರ ಆಸುಪಾಸು, ಹಸಿಯದರಲ್ಲಿ ಶೇ. 75ರಷ್ಟು. ಬೆಕ್ಕುಗಳು ತಾವಾಗಿ ನೀರು ಕುಡಿಯುವುದೇ ಕಡಿಮೆ, ಅಲ್ವಾ? ಅದಕ್ಕೇ ನನ್ನ ಮನಸ್ಸು ಹಸಿಯ ಕಡೆಗೆ ವಾಲುತ್ತಿದೆ. ಒಣದ್ದು ಬಟ್ಟಲಲ್ಲಿ ಬೇಗ ಕೆಡುವುದಿಲ್ಲ, ಆ ಅನುಕೂಲವೂ ಇದೆ.

ಪ್ಯಾಕೆಟ್ಟಿನ ಮುಂದಿನ ಚಿತ್ರಕ್ಕಿಂತ ಹಿಂದಿನ ಸಣ್ಣ ಅಕ್ಷರ ಮುಖ್ಯ. ಅಲ್ಲಿನ ಪದಾರ್ಥಗಳ ಪಟ್ಟಿಯಲ್ಲಿ, ತೂಕದಲ್ಲಿ ಯಾವುದು ಜಾಸ್ತಿಯೋ ಅದರ ಹೆಸರು ಮೊದಲು ಇರುತ್ತದೆ. ಟೌರಿನ್ ಅನ್ನುವ ಪೋಷಕಾಂಶ ಇದೆಯಾ ಅಂತಲೂ ನೋಡುತ್ತೇನೆ. ಅದು ಸಾಲದಿದ್ದರೆ ಬೆಕ್ಕಿನ ಕಣ್ಣಿಗೂ ಹೃದಯಕ್ಕೂ ತೊಂದರೆ. ನಾಯಿ ಫುಡ್ ಬೆಕ್ಕಿಗೆ ಆಗಿಬರದಿರಲು ಇದೂ ಒಂದು ಕಾರಣ.

ಪಾಪ, ಬಾಯಿಲ್ಲದ ಜೀವ. ಹೊಟ್ಟೆಗೆ ಹಿಡಿಸದಿದ್ದರೂ ಹೇಳಲು ಬರುವುದಿಲ್ಲ. ಹಾಗಾಗಿ ಒಮ್ಮೆಲೇ ಬದಲಿಸುವುದಿಲ್ಲ. ಹಳೆಯದರ ಜೊತೆ ದಿನಾ ಸ್ವಲ್ಪ ಸ್ವಲ್ಪ ಬೆರೆಸುತ್ತಾ ಒಂದು ವಾರ ನೋಡುತ್ತೇನೆ.