ನಿಮ್ಮ ಬೆಳಕಿಗೂ ಇದಕ್ಕೂ ಸಂಬಂಧವಿಲ್ಲ ಎಂದಿದ್ದೆ

ಗಾಳಿಯಲ್ಲಿ ಕೈಯಾಡಿಸಿ ಸಂಗೀತ ನುಡಿಸುವುದು ನನ್ನ ಕಸುಬು. ಮೇಜಿನ ಮೇಲೆ ಅಂಗಾತ ಮಲಗಿದ ಲೀಪ್ ಮೋಷನ್ ಎಂಬ, ಕೈಯ ಚಲನೆ ಗುರುತಿಸುವ ಪುಟ್ಟ ಡಬ್ಬಿ; ಪಕ್ಕದ ಲ್ಯಾಪ್‌ಟಾಪಿನಲ್ಲಿ ಆ ಚಲನೆಯನ್ನು ಸದ್ದಾಗಿಸಲು ಮ್ಯಾಕ್ಸ್ ತಂತ್ರಾಂಶದಲ್ಲಿ ನಾನೇ ಕಟ್ಟಿದ ಪ್ಯಾಚ್. ಬಲಗೈ ಶ್ರುತಿಗೆ, ಎಡಗೈ ವಾಲ್ಯೂಮಿಗೆ; ಮುಟ್ಟದೆಯೇ ನುಡಿಸುವ ವಾದ್ಯವಾದ ಥೆರೆಮಿನ್ ನುಡಿಸುವವರ ಹಳೆಯ ಕ್ರಮವೇ. ಏಳು ಬಿಟ್‌ನ ಮಿಡಿಯಲ್ಲಿ, ಅಂದರೆ ವಾದ್ಯಗಳಿಗೆ ಸೂಚನೆ ಒಯ್ಯುವ ಹಳೆಯ ಸಂಕೇತ ಭಾಷೆಯಲ್ಲಿ, 128 ಮೆಟ್ಟಿಲು ಮಾತ್ರ, ಅದರಲ್ಲಿ ಜಾರು ತೆಗೆದರೆ ಕೊರಕಲು ರಸ್ತೆಯಲ್ಲಿ ಎತ್ತಿನ ಗಾಡಿ ಹೋದಂತೆ ಕೇಳುತ್ತದೆ. ಹಾಗಾಗಿ ಎಲ್ಲವನ್ನೂ ಇನ್ನೂ ನುಣುಪಾದ ಸಂಕೇತ ಭಾಷೆಯಾದ ಓಎಸ್‌ಸಿಗೆ ಬದಲಿಸಿ ಮೂರು ತಿಂಗಳು ಕೂತಿದ್ದೆ. ಬೆಂಗಳೂರಿನ ಒಂದು ಕಾಲೇಜು ಸಭಾಂಗಣಕ್ಕೆ ಹೋದಾಗ ತಲೆ ಸ್ವಲ್ಪ ಮೇಲೆಯೇ ಇತ್ತು.

ಸೌಂಡ್ ಚೆಕ್‌ಗೆ ಒಂದು ಗಂಟೆ ಎಂದಿದ್ದರು. ಸಿಕ್ಕಿದ್ದು ಹತ್ತು ನಿಮಿಷ, ಅದೂ ಟ್ಯೂಬ್‌ಲೈಟಿನ ಕೆಳಗೆ. ಉಳಿದ ಹೊತ್ತು ಮುಖ್ಯ ಅತಿಥಿಯ ಮೈಕಿನ ಎತ್ತರ ಸರಿಪಡಿಸುವುದಕ್ಕೆ ಹೋಯಿತು. ಆ ಹತ್ತು ನಿಮಿಷ ಪ್ಯಾಚ್ ನೀರು ಕುಡಿದಷ್ಟು ಸಲೀಸಾಗಿ ನಡೆಯಿತು.

ಏಣಿಯ ಮೇಲೆ ಪಾರ್ ಎಂಬ ವೇದಿಕೆ ದೀಪ ತಿರುಗಿಸುತ್ತಿದ್ದ ಲೈಟಿನವರು ಅಲ್ಲಿಂದಲೇ ಕೇಳಿದರು: "ಸಾರ್, ಆ ಡಬ್ಬಿಗೆ ನಮ್ಮ ಬೆಳಕು ಅಡ್ಡ ಬರುವುದಿಲ್ಲವೇ?"

"ಇದು ನೋಡುವುದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಅಣ್ಣಾ. ನಿಮ್ಮ ಬೆಳಕಿಗೂ ಇದಕ್ಕೂ ಸಂಬಂಧವಿಲ್ಲ" ಎಂದೆ. ಹೇಳಿದ ಧಾಟಿ ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಮೊದಲ ಎರಡು ನಿಮಿಷ ವೇದಿಕೆಯ ಮೇಲೆ ತೆಳು ನೀಲಿ ಎಲ್‌ಇಡಿ ಮಾತ್ರ. ಷಡ್ಜದಿಂದ ನಿಧಾನವಾಗಿ ಮಧ್ಯಮದ ಕಡೆಗೆ ಏರುತ್ತಿದ್ದೆ. ಎಡಗೈ ಎತ್ತಿ ವಾಲ್ಯೂಮ್ ಶಿಖರಕ್ಕೆ ಒಯ್ದ ಗಳಿಗೆಗೆ ಸರಿಯಾಗಿ, ನಾನೇ ಬರೆದುಕೊಟ್ಟ ಬೆಳಕಿನ ಕ್ಯೂ ಪ್ರಕಾರ, ನಾಲ್ಕು ಪಾರ್ 64 ನೆತ್ತಿಯ ಮೇಲೆ ಹೊತ್ತಿಕೊಂಡವು.

ಸ್ವರ ಗಾಂಧಾರವೂ ಅಲ್ಲದ ಮಧ್ಯಮವೂ ಅಲ್ಲದ ಒಂದು ಕಡೆ ಸಿಕ್ಕಿಕೊಂಡಿತು. ಕೈ ಇಳಿಸಿದೆ, ಇಳಿಯಲಿಲ್ಲ. ವ್ಯಾಪ್ತಿ ಮೀರಿದ್ದೇನೆ ಎಂದುಕೊಂಡು ಬಾಗಿದೆ, ಮೊಣಕಾಲೂರಿದೆ. ಲ್ಯಾಪ್‌ಟಾಪ್ ಪರದೆಯ ಮೇಲಿನ ಅಸ್ಥಿಪಂಜರದ ಕೈ ಮಿಂಚಿ ಮಾಯವಾಗುತ್ತಿತ್ತು; ಜೊತೆಗೆ, ಗಾಜಿನ ಮೇಲೆ ಕಲೆ ಇದೆ, ಒರೆಸಿ ಎಂಬ ಸೂಚನೆ. ಒರೆಸಿದೆ! ಸ್ಪೀಕರುಗಳು ಕಿರುಚುತ್ತಿರುವಾಗ ಜುಬ್ಬಾದ ಅಂಚಿನಿಂದ, ಕನ್ನಡಕ ಒರೆಸುವಷ್ಟು ಶ್ರದ್ಧೆಯಿಂದ.

ಮಿಕ್ಸರಿನ ಹುಡುಗ ದೂರದಿಂದ ಸದ್ದಿನ ಫೇಡರ್ ಇಳಿಸಲೇ ಎಂದು ಅಂಗೈ ಕೆಳಗೆ ತೋರಿಸಿದ. ಆ ಸಂಜೆ ಸರಿಯಾಗಿ ಅರ್ಥವಾದ ಸನ್ನೆ ಅದೊಂದೇ. ಅದಕ್ಕೂ ನಾನು ಬೇಡವೆಂದು ತಲೆಯಾಡಿಸಿದೆ. ಇನ್ನೇನು ಸರಿಹೋಗುತ್ತದೆ ಎಂಬ ಹುಚ್ಚು. ಕೊನೆಗೆ ಯಾರನ್ನೂ ಕೇಳದೆ ಲೈಟಿನವರೇ ಪಾರ್‌ಗಳನ್ನು ಆರಿಸಿದರು. ಅಷ್ಟರಲ್ಲಿ ನಾಲ್ಕು ನಿಮಿಷ ಕಳೆದಿತ್ತು.

ಆ ಪಾರ್‌ಗಳಲ್ಲಿ ಇದ್ದಂಥ, ತಂತಿ ಕಾಯಿಸಿ ಬೆಳಗುವ ಬಲ್ಬು ಕಣ್ಣಿಗೆ ಕಾಣುವ ಬೆಳಕಿಗಿಂತ ಎಷ್ಟೋ ಪಾಲು ಹೆಚ್ಚು ಇನ್‌ಫ್ರಾರೆಡ್ಡನ್ನೇ ಚೆಲ್ಲುತ್ತದೆ. ಡಬ್ಬಿಯೊಳಗಿನ ಮೂರು ಪುಟ್ಟ ಇನ್‌ಫ್ರಾರೆಡ್ ಎಲ್‌ಇಡಿಗಳು ಆ ನಾಲ್ಕು ಪಾರ್‌ಗಳ ಮುಂದೆ ಸೂರ್ಯನೆದುರಿನ ಮಿಣುಕುಹುಳಗಳು. ಡಬ್ಬಿಯ ಕ್ಯಾಮೆರಾಗಳಂತೂ ನೆಟ್ಟಗೆ ಮೇಲಕ್ಕೇ, ಪಾರ್‌ಗಳ ಮುಖಕ್ಕೇ ನೋಡುತ್ತಿದ್ದವು. ಇದನ್ನು ನಾನು ಶಾಲೆಯಲ್ಲೇ ಓದಿದ್ದೆ.

ಆದರೆ ಪಾರ್ ಆರಿದ ಮೇಲೂ ಸ್ವರ ಅಲುಗಲಿಲ್ಲ; ಆ ತಪ್ಪು ಪೂರ್ತಿ ನನ್ನದು. ಅಂಗೈ ಮಗುಚಿದರೆ ಡಬ್ಬಿಯ ತಂತ್ರಾಂಶ ಕೆಲವೊಮ್ಮೆ ಎಡಗೈಯನ್ನು ಬಲಗೈ ಎಂದುಬಿಡುತ್ತದೆ. ಅದರ ಕಾಟಕ್ಕೆ ನಾನು ಎಡ-ಬಲ ಬಿಟ್ಟು ಪ್ರತಿ ಕೈಗೂ ಅದು ಕೊಡುವ ಗುರುತು ಸಂಖ್ಯೆಯನ್ನೇ, ಅಂದರೆ ಐಡಿಯನ್ನೇ, ಹಿಡಿದು ಪ್ಯಾಚ್ ಕಟ್ಟಿದ್ದೆ. ಕೈ ಒಮ್ಮೆ ಕಳೆದು ಮತ್ತೆ ಸಿಕ್ಕರೆ ಹೊಸ ಐಡಿ ಬರುತ್ತದೆ; ನನ್ನ ಪ್ಯಾಚ್ ಹಳೆಯ ಕೈಗಾಗಿ ಕಾಯುತ್ತಾ ಕೂತಿತ್ತು. ಕೈ ಕಳೆದರೆ ಸದ್ದು ತಾನಾಗಿ ಇಳಿಯಲಿ ಎಂಬ ಒಂದು ಸಾಲು ಸೇರಿಸಲು ಮೂರು ತಿಂಗಳಲ್ಲಿ ನನಗೆ ಹೊಳೆದಿರಲಿಲ್ಲ. ಈಗ ಅದೂ ಇದೆ, ಕಾಲ ಬಳಿ ಮ್ಯೂಟ್ ಪೆಡಲೂ ಇದೆ. ಯಾವ ಲೈಟು ಎಂದು ಕೇಳದೆ ಒಪ್ಪಿಕೊಳ್ಳುವುದಿಲ್ಲ. ವ್ಯವಸ್ಥಾಪಕರು "ಒಳ್ಳೆಯ ಲೈಟೇ ಇದೆ ಸಾರ್" ಎನ್ನುತ್ತಾರೆ, ಅಷ್ಟೇ.

ಕಾರ್ಯಕ್ರಮ ಮುಗಿದ ಮೇಲೆ ಕೇಬಲ್ ಸುತ್ತುತ್ತಾ ಲೈಟಿನವರು, "ಅದೆಲ್ಲ ಸರಿ ಸಾರ್, ನಡುವೆ ಅದನ್ನು ಒರೆಸಿದ್ದು ಯಾಕೆ?" ಎಂದು ಕೇಳಿದರು. ನಾನು ಮಾತಿಲ್ಲದೆ ಅವರ ಏಣಿಯ ಇನ್ನೊಂದು ತುದಿ ಹಿಡಿದೆ.