ಬಿಡದೇ ಇದ್ದದ್ದಕ್ಕೆ ಲೆಕ್ಕವಿಲ್ಲ

ಮಂಗಳವಾರ ರಾತ್ರಿ ಒಂಬತ್ತೂವರೆಗೆ ಹದಿನೇಳನೆಯ ಜೀವಕೋಶ ನನಗೆ ಕೈಕೊಟ್ಟಿತು.

ಜೀವಕೋಶ ಲೋಹವನ್ನು ಎಷ್ಟು ಗಟ್ಟಿಯಾಗಿ ಹಿಡಿಯುತ್ತದೆ ಅಂತ ಅಳೆಯಲು ಲ್ಯಾಬಿನಲ್ಲಿ ನಾನು ಮಾಡುವುದು ಇಷ್ಟೇ: ಕೂದಲಿಗಿಂತ ತೆಳುವಾದ ಪಟ್ಟಿಯ ತುದಿಗೆ ಅಂಟುವ ಪ್ರೋಟೀನು ಸವರಿ, ಒಂದು ಫೈಬ್ರೊಬ್ಲಾಸ್ಟನ್ನು (ಅಂಗಾಂಶ ಕಟ್ಟುವ ಜೀವಕೋಶ) ಎತ್ತಿಕೊಂಡು, ಜೀವಕೋಶ ಹಿಡಿದುಕೊಳ್ಳುವ ಫೈಬ್ರೊನೆಕ್ಟಿನ್ ಅನ್ನುವ ಪ್ರೋಟೀನು ಬಳಿದ ಟೈಟಾನಿಯಂ ಮೇಲೆ ಊರಿ, ಆಮೇಲೆ ಮೇಲಕ್ಕೆಳೆಯುವುದು. ಪಟ್ಟಿ ಎಷ್ಟು ಬಾಗಿತು ಅನ್ನುವುದನ್ನು ಲೇಸರ್ ಚುಕ್ಕೆ ಹೇಳುತ್ತದೆ. ಅದರಿಂದ ಹಿಡಿತದ ಬಲ, ನ್ಯಾನೊನ್ಯೂಟನ್‌ಗಳಲ್ಲಿ. 5 ಸೆಕೆಂಡು ತಾಗಿಸಿದರೆ ಸುಲಭವಾಗಿ ಬರುತ್ತದೆ. ನಿಮಿಷಗಟ್ಟಲೆ ಬಿಟ್ಟರೆ ಜೀವಕೋಶದ ಮೈಮೇಲಿನ ಹಿಡಿಕೆಗಳಾದ ಇಂಟೆಗ್ರಿನ್‌ಗಳು ಒಂದೊಂದಾಗಿ ಕೊಕ್ಕೆ ಹಾಕುತ್ತವೆ.

ಅವತ್ತಿನದು ಹಲಸಿನ ಮೇಣದ ಹಾಗೆ ಎಳೆಎಳೆಯಾಗಿ ಜಗ್ಗಿ, ಕೊನೆಗೆ ಪಟ್ಟಿಯನ್ನೇ ಬಿಟ್ಟು ಟೈಟಾನಿಯಂ ಮೇಲೆ ಉಳಿಯಿತು. ಲೋಹದ ಮೇಲಿನ ಹಿಡಿತದ ಅಳತೆ ಸಿಗಲೇ ಇಲ್ಲ. ನೋಟ್‌ಬುಕ್ಕಿನಲ್ಲಿ 'ಡಿಸ್ಕಾರ್ಡ್' ಅಂತ ಗೀಚಿದೆ. ಅವತ್ತು ಅಂಥದ್ದು ಅದು ನಾಲ್ಕನೆಯದು.

ಅಮ್ಮನಿಗೆ ಫೋನಿನಲ್ಲಿ ಗೋಳು ಹೇಳಿಕೊಂಡೆ. ಅವಳ ಕೆಳದವಡೆಯಲ್ಲೊಂದು ಟೈಟಾನಿಯಂ ಸ್ಕ್ರೂ ಇದೆ. ಮೂಳೆ ಹಿಡಿಯಲಿ ಅಂತ ಮೂರು ತಿಂಗಳು ಕಾದು ಹಲ್ಲು ಕೂರಿಸಿಕೊಂಡವಳು.

"ಅಲ್ವೇ, ಬಿಟ್ಟಿದ್ದಕ್ಕೆಲ್ಲ ಮಾರ್ಕು, ಬಿಡದೇ ಇದ್ದದ್ದಕ್ಕೆ ಸೊನ್ನೆನಾ?"

"ಸೊನ್ನೆ ಅಲ್ಲಮ್ಮ, ಲೆಕ್ಕಕ್ಕೇ ಇಲ್ಲ."

"ಅದು ಇನ್ನೂ ಅನ್ಯಾಯ."

ನಕ್ಕು ಫೋನಿಟ್ಟೆ. ಬಸ್ಸಿನಲ್ಲಿ ನಗು ಬರಲಿಲ್ಲ. ನನ್ನ ಗ್ರಾಫಿನ ಸರಾಸರಿ ಹಿಡಿತ ಅಂದರೆ, ಸೋತವುಗಳ ಸರಾಸರಿ. ಗಟ್ಟಿಯಾಗಿ ಹಿಡಿದದ್ದು ಲೆಕ್ಕದಲ್ಲೇ ಇಲ್ಲ. 1950ರ ದಶಕದಲ್ಲಿ ಸ್ವೀಡನ್ನಿನ ವೈದ್ಯವಿಜ್ಞಾನಿ ಬ್ರಾನೆಮಾರ್ಕ್, ಮೊಲದ ಮೂಳೆಯೊಳಗಿಟ್ಟಿದ್ದ ಟೈಟಾನಿಯಂ ಉಪಕರಣವನ್ನು ತೆಗೆಯಲು ಹೋದರೆ ಅದು ಬರಲೇ ಇಲ್ಲವಂತೆ. ಆತ 'ಡಿಸ್ಕಾರ್ಡ್' ಅಂತ ಬರೆದು ಕೈತೊಳೆದುಕೊಂಡಿದ್ದರೆ? 1965ರಲ್ಲಿ ಅದೇ ಲೋಹ ಮನುಷ್ಯನ ದವಡೆ ಸೇರಿತು.

ನಮ್ಮ ಸೀನಿಯರ್ ಒಬ್ಬರದ್ದು ಹಳೇ ಪದ್ಧತಿ: ಜೀವಕೋಶ ಅಂಟಿದ ತಟ್ಟೆಯನ್ನು ಮೂರು ಸಲ ತೊಳೆ, ಉಳಿದದ್ದು ಎಣಿಸು. ಅವರು ತೊಳೆಯುವುದು ಅಕ್ಕಿ ತೊಳೆದಂತೆ, ನಾನು ಬಾಣಂತಿ ಮಗುವಿಗೆ ನೀರು ಹಾಕಿದಂತೆ. ಸಂಖ್ಯೆ ಹೊಂದುವುದಾದರೂ ಹೇಗೆ? ಇದನ್ನು ಅವರಿಗೆ ಎಷ್ಟೋ ಸಲ ಚುಚ್ಚಿದ್ದೇನೆ. ಆದರೆ ಅವರು ಎಣಿಸುವುದು ಉಳಿದವುಗಳನ್ನು. ಒಪ್ಪಿಕೊಳ್ಳಲು ಹೊಟ್ಟೆ ಉರಿಯುತ್ತದೆ. ಮನುಷ್ಯ ಮೊದಲೇ ಸ್ವಲ್ಪ ಜಂಬದವರು.

ಮಂಗಳವಾರ ಆ ತಟ್ಟೆಯನ್ನು ಎಸೆಯಲು ಮನಸ್ಸಾಗದೆ ಇನ್‌ಕ್ಯುಬೇಟರ್‌ನಲ್ಲಿ 37 ಡಿಗ್ರಿಗೆ ಇಟ್ಟು ಬಂದಿದ್ದೆ. ಬೆಳಗ್ಗೆ ನೋಡಿದರೆ ಜೀವಕೋಶಗಳೆಲ್ಲ ಕಾಲುಚಾಚಿ, ಕಾವಲಿಯ ಮೇಲಿನ ದೋಸೆಯಂತೆ ಹರಡಿಕೊಂಡಿದ್ದವು. ಅದರಲ್ಲಿ ಹದಿನೇಳನೆಯದು ಯಾವುದೋ, ಗೊತ್ತಾಗಲಿಲ್ಲ.